ಶಮಾಲ್ ದಡದ ಲೇಕ್ ಸಾರ್

ಅವರ ಬೀಳ್ಕೊಡುಗೆಗೆ ಆಫೀಸಿನವರು ತರಿಸಿದ್ದ ಕೇಕಿನ ಮೇಲೆ ಒಂದು ಮೀನಿತ್ತು. ನೀಲಿ ಕ್ರೀಮಿನ ನೀರು, ಅದರ ನಡುವೆ ಬಾಲ ಮಡಚಿಕೊಂಡ ಹಸಿರು ಮೀನು. ಮೊಟ್ಟೆ ಹಾಕದ ಕೇಕೇ ಆಗಬೇಕೆಂದು ನಾನು ಬೇಕರಿಗೆ ಮತ್ತೆ ಮತ್ತೆ ಫೋನು ಮಾಡಿ ಅವರ ತಲೆ ತಿಂದಿದ್ದೆ. ಸಾರ್ ಚಾಕು ಹಿಡಿದರು, ನಾವೆಲ್ಲ ಚಪ್ಪಾಳೆಗೆ ಕೈ ಎತ್ತಿದೆವು. ಅವರು ಸುತ್ತಲಿನ ಅಂಚನ್ನೆಲ್ಲ ಅಚ್ಚುಕಟ್ಟಾಗಿ ಕತ್ತರಿಸಿ ಎಲ್ಲರಿಗೂ ಹಂಚಿದರು. ಮಧ್ಯದ ಮೀನಿಗೆ ಮಾತ್ರ ಚಾಕು ಮುಟ್ಟಿಸಲಿಲ್ಲ.

"ಪಾಪ, ಅದನ್ನ ಬಿಟ್ಬಿಡಿ" ಅಂದರು.

ಮ್ಯಾನೇಜರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ನಗು ಬಂತು. ಆ ಮೀನನ್ನು ಕೊನೆಗೆ ಡಬ್ಬಿಗೆ ಹಾಕಿಕೊಂಡು ಇಲ್ಲಿ ಕತಾರಿನ ಅಲ್ ಗರಾಫಾದ ನಮ್ಮ ಮನೆಗೆ ತಂದವನು ನಾನೇ. ಮಗಳು ಬಾಲದಿಂದ ಶುರು ಮಾಡಿ ಕಣ್ಣಿನವರೆಗೆ ತಿಂದು ಮುಗಿಸಿದಳು. ನಾವು ಕರಾವಳಿಯ ಬ್ಯಾರಿಗಳು, ಕೇಕಿನ ಮೀನನ್ನೂ ಬಿಡುವವರಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೈಸೂರಿನಿಂದಲೇ ಫೋನು ಮಾಡಿ ಬೈಯುತ್ತಾರೆ. ಆಫೀಸಿನಲ್ಲಿ ನಾವು ಕನ್ನಡದವರು ಅವರನ್ನು 'ಲೇಕ್ ಸಾರ್' ಎಂದು ಕರೆಯುತ್ತಿದ್ದೆವು, ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಯಾವ ಮಾತು ತೆಗೆದರೂ ಅದು ಹೇಗೋ ತಿರುಗಿ ಒಂದು ಕೆರೆಯ ದಡಕ್ಕೆ ಹೋಗಿ ನಿಲ್ಲುತ್ತಿತ್ತು. ಅದು ಮೈಸೂರಿನ ಕೆರೆಯಲ್ಲ, ಕೆನಡಾದ್ದು.

ಕತಾರಿಗೆ ಬರುವ ಮೊದಲು ಅವರು ಅಲ್ಲಿನ ಉತ್ತರದ ಒಂದು ಗಣಿ ಊರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರಂತೆ. ಬಾಡಿಗೆ ಮನೆಯ ಯಜಮಾನ ಹೆಂಡತಿ ತೀರಿಕೊಂಡ ಮುದುಕ. ಈ ಸಸ್ಯಾಹಾರಿ ಮನುಷ್ಯ ಭಾನುವಾರವಿಡೀ ಕಿಟಕಿಯ ಬಳಿ ಮೊಸರನ್ನ ಕಲಸಿಕೊಂಡು ಕೂರುವುದನ್ನು ನೋಡಲಾಗದೆ ಒಂದು ದಿನ ದೋಣಿಗೆ ಹತ್ತಿಸಿಕೊಂಡನಂತೆ. "ನಾನು ಮೀನು ತಿನ್ನಲ್ಲ" ಎಂದು ಇವರು ಹೇಳಿದ್ದಕ್ಕೆ, "ತಿನ್ನು ಅಂತ ಯಾರು ಹೇಳಿದರು? ಹಿಡಿ, ನೋಡು, ಬಿಡು" ಅಂದನಂತೆ. ಅಷ್ಟೇ, ಸಾರ್ ಕೆಟ್ಟರು. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟದ ಮನುಷ್ಯನಿಗೆ ಗಾಳದ ಹುಚ್ಚು ಹಿಡಿಯಿತು.

ಅಲ್ಲಿನ ಮೀನುಗಳ ಗುಣಾವಗುಣಗಳನ್ನು ಅವರು ಸಂಬಂಧಿಕರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಬಾಸ್ ಎನ್ನುವುದು ಮುಂಗೋಪಿ, ಸಿಕ್ಕಿಕೊಂಡ ಕೂಡಲೇ ನೀರಿನಿಂದ ಹಾರಿ ತಲೆ ಕೊಡವುತ್ತದೆ. ವಾಲೈಗೆ ಗಾಜಿನ ಗೋಲಿಯಂಥ ಕಣ್ಣು, ಬೆಳಕು ಕಂಡರಾಗದು, ಮುಸ್ಸಂಜೆಯ ಮಬ್ಬಿನಲ್ಲಿ ಮಾತ್ರ ಹೊರಗೆ ಬರುತ್ತದೆ. ಪೈಕ್ ಉದ್ದ ಮೂತಿಯದು, ಬಾಯಿ ತುಂಬ ಹಲ್ಲು, ಜೊಂಡಿನ ಮರೆಯಲ್ಲಿ ಅಲ್ಲಾಡದೆ ಕಾಯುತ್ತದೆ, ಆಸೆ ತೋರಿಸಿದ್ದರ ಹಿಂದೆಯೇ ದೋಣಿಯವರೆಗೆ ಬಂದು ಕೊನೇ ಗಳಿಗೆಯಲ್ಲಿ ತಿರುಗಿಕೊಂಡು ಹೋಗುತ್ತದೆ. ಆಫೀಸಿನವರನ್ನೂ ಅವರು ಈ ಮೂರು ಜಾತಿಗಳಲ್ಲೇ ವಿಂಗಡಿಸಿದ್ದರು. "ನಮ್ ಮ್ಯಾನೇಜರು ಪೈಕ್ ಕಣ್ರೀ. ಫೈಲ್ ಹಿಂದೆಹಿಂದೇನೇ ಬರ್ತಾರೆ, ಸೈನ್ ಮಾಡೋ ಹೊತ್ತಿಗೆ ತಿರುಗಿಬಿಡ್ತಾರೆ. ಫೈನಾನ್ಸಿನವ್ರು ವಾಲೈ, ಹೊತ್ತು ಮುಳುಗೋವರೆಗೂ ಬಾಯೇ ಬಿಡಲ್ಲ." ನಾನು ಯಾವುದೆಂದು ಕೇಳಿದ್ದಕ್ಕೆ ನನ್ನ ಹೊಟ್ಟೆ ನೋಡಿ ಸುಮ್ಮನಾದರು.

ಪೈಕ್ ಹಾಗೆ ತಿರುಗಿ ಹೋಗದಿರಲಿ ಎಂದು ಕೆರೆಯವರು ಒಂದು ಉಪಾಯ ಮಾಡುತ್ತಾರಂತೆ. ದಾರವನ್ನೆಲ್ಲ ಸುತ್ತಿ ಮುಗಿಸಿದ ಮೇಲೂ ಗಾಳದ ರಾಡಿನ ತುದಿಯನ್ನು ನೀರಿಗೆ ಅದ್ದಿ ಇಂಗ್ಲಿಷಿನ ಎಂಟನ್ನು ಬರೆಯುವುದು. ಅಲ್ಲಿಯವರೆಗೆ ಹಿಂಬಾಲಿಸಿ ಬಂದ ಮೀನಿಗೆ ಕೊನೆಯ ಅವಕಾಶ. ಸಾರ್ ಇದನ್ನು ಇಲ್ಲಿ ಕತಾರಿನ ಉತ್ತರ ತುದಿಯ ಕಡಲೂರು ಅಲ್ ಶಮಾಲ್‌ನ ದಡದಲ್ಲೂ ಬಿಡಲಿಲ್ಲ. ಪೈಕ್ ಮೀನು ಸಾವಿರಾರು ಮೈಲಿಯಾಚೆ ಹಿಮದ ಕೆಳಗೆ ಹಾಯಾಗಿ ಮಲಗಿದ್ದರೆ, ಇವರು ಇಲ್ಲಿ ಪ್ಯಾಂಟು ಮಡಚಿ ಮೊಣಕಾಲು ನೀರಿನಲ್ಲಿ ನಿಂತು ಗಂಭೀರವಾಗಿ ಎಂಟು ಬರೆಯುತ್ತಿದ್ದರು. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಮಲಯಾಳಿಗಳು ನನ್ನನ್ನು ಗುಟ್ಟಾಗಿ ಕರೆದು, ಇದು ನಿಮ್ಮ ಕಡೆಯ ಪೂಜೆಯೋ ಎಂದು ವಿಚಾರಿಸಿದ್ದರು.

ರಜೆಯ ದಿನವಾದ ಶುಕ್ರವಾರ ಬೆಳಗಿನ ನಮಾಜು ಮುಗಿಸಿ ನಾನು ಕಾರು ತೆಗೆದುಕೊಂಡು ಅವರ ಮನೆಯಿದ್ದ ಬಿನ್ ಒಮ್ರಾನ್‌ಗೆ ಹೋದರೆ ಅವರು ಕಟ್ಟಡದ ಕೆಳಗೆ ಸಿದ್ಧವಾಗಿ ನಿಂತಿರುತ್ತಿದ್ದರು. ಅವರ ಹೆಂಡತಿಗೆ ಮೈಸೂರಿನಲ್ಲಿ ಬ್ಯಾಂಕಿನ ಕೆಲಸ, ಇಲ್ಲಿ ಇವರೊಬ್ಬರೇ. ಕೈಯಲ್ಲಿ ರಾಡು, ಹೆಗಲಿಗೆ ಚೀಲ, ಚೀಲದಲ್ಲಿ ಚಿತ್ರಾನ್ನದ ಡಬ್ಬಿ. ಉತ್ತರದ ಹೆದ್ದಾರಿಯಲ್ಲಿ ನಾನು ಓಡಿಸುವುದು, ಅವರು ಮಾತಾಡುವುದು. ಮಧ್ಯಾಹ್ನದ ಜುಮಾ ನಮಾಜಿಗೆ ಮುಂಚೆ ನಾನು ವಾಪಸು ಇರಬೇಕು. ಎಷ್ಟು ವರ್ಷ ಜೊತೆಗೆ ಹೋದರೂ ಹೊತ್ತಾಯಿತೆಂದು ನಾನು ಹೇಳಬೇಕಾದ ಪ್ರಸಂಗ ಬರಲಿಲ್ಲ. ಮೀನು ಕಚ್ಚುತ್ತಿರುವ ಹೊತ್ತಿನಲ್ಲೂ ಅವರೇ ರೀಲು ಸುತ್ತಿ, "ಯಲ್ಲಾ ಸಾಹೇಬ್ರೇ, ನಿಮ್ಮ ನಮಾಜಿಗೆ ಟೈಮಾಯ್ತು" ಎಂದು ಹೊರಟುಬಿಡುತ್ತಿದ್ದರು.

ಮೊದಲ ಸಲ ಹೋದಾಗ ನಡೆದದ್ದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಶಮಾಲ್‌ನ ಸಮುದ್ರ ಬಹಳ ದೂರದವರೆಗೆ ಆಳವಿಲ್ಲದ್ದು, ಅಲೆಯೂ ಕಡಿಮೆ. ಅದನ್ನು ನೋಡಿದ್ದೇ ತಡ, "ಅರೆ, ಇದು ನಮ್ ಕೆರೆ ಥರಾನೇ ಇದೆಯಲ್ರೀ!" ಎಂದು ಅವರ ಮುಖ ಅರಳಿತು. ಶೂ, ಚೀಲ, ಚಿತ್ರಾನ್ನದ ಡಬ್ಬಿ ಎಲ್ಲವನ್ನೂ ಒಣ ಮರಳಿನ ಮೇಲೆ ಸಾಲಾಗಿ ಇಟ್ಟು ನೀರಿಗಿಳಿದು ದೂರ ನಡೆದರು. ನಾನು ಕಾರಿನಲ್ಲಿ ಒಂದು ಕೋಳಿನಿದ್ರೆ ತೆಗೆದೆ. ಎಚ್ಚರವಾದಾಗ ಸಾರ್ ತಿರುಗಿ ಬರುತ್ತಿದ್ದರು, ಮರಳು ಇದ್ದಲ್ಲಿ ನೀರಿತ್ತು, ಚಿತ್ರಾನ್ನದ ಡಬ್ಬಿ ತೇಲಿಕೊಂಡು ಇರಾನಿನ ಕಡೆ ಹೊರಟಿತ್ತು.

"ಯಾರ್ರೀ ನೀರು ಬಿಟ್ಟಿದ್ದು? ಬಿಡೋ ಮುಂಚೆ ಒಂದ್ ಮಾತು ಹೇಳ್ಬಾರ್ದಾ?" ಎಂದು ಅವರು ಅಲ್ಲಿಂದಲೇ ಕೂಗಿದರು.

"ಇದು ಸಮುದ್ರ ಮಾರಾಯ್ರೆ! ಕನ್ನಂಬಾಡಿ ಅಲ್ಲ! ಇಲ್ಲಿ ಯಾರೂ ನೀರು ಬಿಡುವುದಿಲ್ಲ, ಅದೇ ಬರ್ತದೆ, ಅದೇ ಹೋಗ್ತದೆ!"

ಒಂದು ಶೂ ಸಿಕ್ಕಿತು, ಇನ್ನೊಂದು ಹೋಯಿತು. ಮನೆಯ ಲಿಫ್ಟಿನವರೆಗೂ ಅವರು ಆ ಒಂದೇ ಶೂ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಕಾವಲುಗಾರನಿಗೆ ಸಲಾಂ ಹೇಳಿ ನಡೆದುಹೋದರು. ಕೆರೆಯವರಿಗೆ ಉಬ್ಬರ ಇಳಿತ ಎನ್ನುವುದು ಪುಸ್ತಕದ ವಿಷಯವೆಂದು ನನಗೆ ಅವತ್ತು ತಿಳಿಯಿತು.

ಅವರು ಎರೆಹುಳ, ಸಿಗಡಿ ಯಾವುದನ್ನೂ ಚುಚ್ಚುತ್ತಿರಲಿಲ್ಲ. ಕೆನಡಾದಿಂದ ತಂದ ಮರದ ಪುಟ್ಟ ಮೀನುಗಳು ಒಂದು ಪೆಟ್ಟಿಗೆಯ ತುಂಬ ಇದ್ದವು. ಒಂದೊಂದಕ್ಕೂ ಬಣ್ಣ, ಕಣ್ಣು, ಹೊಟ್ಟೆಯ ಕೆಳಗೆ ಕೊಕ್ಕೆ. 'ಸುಳ್ಳು ಮೀನು' ಎಂದು ಅವುಗಳಿಗೆ ಹೆಸರಿಟ್ಟಿದ್ದರು. ನೀರಿನಲ್ಲಿ ಎಳೆದರೆ ಗಾಯವಾದ ಮೀನಿನ ಹಾಗೆ ತೊನೆಯುತ್ತ ಬರುತ್ತವೆ. ಇಲ್ಲಿನ ಬರಕುಡ, ಹಮೂರ್, ಶೇರಿ ಮೀನು ಯಾವುದಾದರೂ ಮೋಸಹೋಗಿ ಕಚ್ಚಿದರೆ, ಸಾರ್ ಮೊದಲು ತಮ್ಮ ಕೈ ಒದ್ದೆ ಮಾಡಿಕೊಳ್ಳುತ್ತಿದ್ದರು, ಒಣಗಿದ ಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದೆಂದು. ಕೊಕ್ಕೆ ಬಿಡಿಸಿ, "ಸಾರಿ ಮರಿ, ಹೋಗು" ಎಂದು ನೀರಿಗೆ ಬಿಡುತ್ತಿದ್ದರು. ಎಂತೆಂಥ ಹಮೂರ್! ನನ್ನ ಕಣ್ಣೆದುರೇ! ಅಂಗಡಿಯಲ್ಲಿ ಅದರ ರೇಟು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ನನಗೊಂದು ಕೊಡಿ ಎಂದರೆ, "ನೀವು ಹಿಡಿದಿದ್ದು ನೀವು ತಗೊಳ್ಳಿ, ನಾನು ಹಿಡಿದಿದ್ದು ಮನೆಗೆ ಹೋಗ್ಲಿ" ಅನ್ನುತ್ತಿದ್ದರು.

ದಡದಿಂದ ಅವರು ನೇರ ನಮ್ಮ ಮನೆಗೇ ಬರುವುದು ರೂಢಿ. ನನ್ನ ತಾಯಿ, ನಮ್ಮ ಉಮ್ಮ, ಅವರಿಗೆಂದು ನೀರುದೋಸೆ ಮಾಡಿ, ತೆಂಗಿನಕಾಯಿ ಬೆಲ್ಲ ಕಲಸಿ ಇಟ್ಟಿರುತ್ತಿದ್ದಳು. ಅವರ ಅಡುಗೆಗೆ ಪಾತ್ರೆಯೇ ಬೇರೆ. ಅದಕ್ಕೆ ಮೀನಿನ ಸೌಟು ತಾಗಿದರೆ ಮನೆಯಲ್ಲಿ ಕುರುಕ್ಷೇತ್ರ. ಉಮ್ಮ ಹುಟ್ಟಿ ಬೆಳೆದದ್ದು ನೇತ್ರಾವತಿಯ ದಂಡೆಯಲ್ಲಿ, ಅವಳ ಬಾಪ ಹೊಳೆಗೆ ಬಲೆ ಬೀಸುತ್ತಿದ್ದರು. ಮನೆಯಲ್ಲಿ ಬ್ಯಾರಿ ಭಾಷೆ, ಸಾರ್ ಬಂದರೆ ಅವಳ ಶಾಲೆಯ ಕನ್ನಡ ಹೊರಗೆ ಬರುತ್ತಿತ್ತು. ಇಬ್ಬರೂ ಹೊಳೆ ಹೆಚ್ಚೋ ಕೆರೆ ಹೆಚ್ಚೋ ಎಂದು ವಾದಿಸುತ್ತಿದ್ದರು. ಸಾರ್‌ಗೆ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಉಮ್ಮ ತಟ್ಟೆಗೆ ಇನ್ನೊಂದು ದೋಸೆ ಹಾಕುವಾಗ ಅವರು ಬೇಡವೆನ್ನದೆ ತಲೆ ತಗ್ಗಿಸುವ ರೀತಿಯಲ್ಲೇ ಅದು ತಿಳಿಯುತ್ತಿತ್ತು.

ಅವರ ನಿವೃತ್ತಿಗೆ ಮುಂಚಿನ ಚಳಿಗಾಲ, ಅಂದರೆ ಇಲ್ಲಿ ಅವರ ಕೊನೆಯ ಚಳಿಗಾಲ. ಒಂದು ಶುಕ್ರವಾರ ಒಂದು ಶೇರಿ ಮೀನು ಕೊಕ್ಕೆಯನ್ನು ಗಂಟಲಿನವರೆಗೂ ನುಂಗಿಬಿಟ್ಟಿತು. ಸಾರ್ ಬಿಡಿಸುವಷ್ಟರಲ್ಲಿ ರಕ್ತ ಬಂದಿತ್ತು. ಅದನ್ನು ನೀರಿನಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿದರು, ಕಿವಿರಿಗೆ ನೀರು ಹೋಗಲೆಂದು. ಬಿಟ್ಟರೆ ಮಗ್ಗುಲಾಗುತ್ತಿತ್ತು. ಮತ್ತೆ ಹಿಡಿದರು. ಅದು ಉಳಿಯಲಿಲ್ಲ. ಸತ್ತ ಮೀನನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು, ಅದನ್ನು ಏನು ಮಾಡಬೇಕೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ತೆಗೆದುಕೊಂಡು ಚೀಲಕ್ಕೆ ಹಾಕಿದೆ.

ಮನೆಯಲ್ಲಿ ಉಮ್ಮ ಮೀನನ್ನು ತೊಳೆದು ಮಸಾಲೆ ಹಚ್ಚಿಟ್ಟು ಬಂದು ಸಾರ್ ಎದುರು ಕೂತಳು. ಅವಳಿಗೆ ಸುತ್ತು ಬಳಸಿ ಮಾತಾಡಿ ಗೊತ್ತಿಲ್ಲ.

"ಸಾರ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನೀವು ತಿನ್ನುವುದಿಲ್ಲ, ಮಾರುವುದೂ ಇಲ್ಲ. ಮತ್ತೆ ಅದಕ್ಕೆ ನೋವು ಕೊಡುವುದು ಎಂತಕ್ಕೆ?"

"ಬಿಟ್ಬಿಡ್ತೀನಲ್ಲಮ್ಮಾ..."

"ಬಾಯಿ ತೂತು ಮಾಡಿ ಬಿಟ್ಟರೆ ಅದು ಬಿಟ್ಟ ಹಾಗಾ? ನನ್ನ ಬಾಪನೂ ಹಿಡೀತಿದ್ದರು. ಆದರೆ ನಮಗೆ ಹಸಿವು ಇತ್ತು ಸಾರ್."

ಸಾರ್ ಎದುರಿನ ಟೀ ತಣ್ಣಗಾಯಿತು. ಕೊನೆಗೆ, "ಸರಿ ಕಣಮ್ಮಾ, ನೀವ್ ಹೇಳೋದು" ಎಂದು ಎದ್ದರು. ಬಿನ್ ಒಮ್ರಾನ್‌ವರೆಗೆ ಕಾರಿನಲ್ಲಿ ಕೆರೆಯ ಒಂದು ಮಾತೂ ಬರಲಿಲ್ಲ. ಅಂಥದ್ದು ಅದೇ ಮೊದಲು.

ಮುಂದಿನ ಶುಕ್ರವಾರ ಮಂಡಿನೋವು ಅಂದರು. ಅದರ ಮುಂದಿನ ವಾರ ಶೀತ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟರು. ಮನೆಗೆ ಮಾತ್ರ ತಪ್ಪದೆ ಬರುತ್ತಿದ್ದರು, ಉಮ್ಮನ ಮೇಲೆ ಸಿಟ್ಟಿಲ್ಲವೆಂದು ತೋರಿಸುವುದಕ್ಕೇ ಬರುತ್ತಿದ್ದರೆಂದು ನನಗೆ ಅನಿಸುತ್ತಿತ್ತು. ಆದರೆ ಮನುಷ್ಯ ಬಾಡಿದ್ದರು. ಆಫೀಸಿನಲ್ಲಿ ಮ್ಯಾನೇಜರು ಸಹಿ ಮಾಡದೆ ತಿರುಗಿ ಹೋದರೂ ಸಾರ್ ಬಾಯಿಯಿಂದ ಪೈಕ್ ಎಂಬ ಶಬ್ದ ಹೊರಡಲಿಲ್ಲ. ಹೊರಗೆ ವರ್ಷದಲ್ಲೇ ಚಂದದ ಹವೆ, ಇವರು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಟೀವಿ ನೋಡುತ್ತಿದ್ದರು. ಇಡೀ ವಾರ ಎಸ್ಟಿಮೇಟುಗಳಲ್ಲಿ ತಲೆ ಹುದುಗಿಸುವ ಒಂಟಿ ಮನುಷ್ಯನಿಗೆ ಇದ್ದ ಸಂತೋಷ ಅದೊಂದೇ. ಅದನ್ನೂ ಕಳೆದುಕೊಂಡು ಊರಿಗೆ ಹೋಗುತ್ತಾರಲ್ಲ ಎಂದುಕೊಂಡೆ.

ಉಮ್ಮನ ಮೇಲೆ ರೇಗಿದೆ. "ಅವರ ಪಾಡಿಗೆ ಅವರು ಇದ್ದರು, ನಿನಗೆ ಎಂತ ಅಧಿಕಪ್ರಸಂಗ?"

"ನಾನು ಕೇಳಿದ್ದು ತಪ್ಪಾ? ತಪ್ಪಾದರೆ ಹೇಳು" ಅಂದಳು.

ಅವಳೂ ಹಾಯಾಗಿರಲಿಲ್ಲ. ಸಾರ್ ಒಂದು ದೋಸೆ ಕಡಿಮೆ ತಿಂದು ಎದ್ದ ದಿನ ಅಡುಗೆಮನೆಯಲ್ಲಿ ಆ ತಟ್ಟೆ ಹಿಡಿದುಕೊಂಡು, "ಮಾತು ಸರಿ ಇದ್ದರೂ ಮನುಷ್ಯನಿಗೆ ತಾಗ್ತದೆ ಅಲ್ವಾ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಗುರುವಾರ ಆಫೀಸು ಬಿಡುವ ಹೊತ್ತಿಗೆ ಸಾರ್ ನನ್ನ ಟೇಬಲ್ಲಿನ ಬಳಿ ಬಂದು ನಿಂತರು. ಹೊಸ ಬಟ್ಟೆ ಹಾಕಿದ ಮಗುವಿನಂಥ ಮುಖ. "ಸಾಹೇಬ್ರೇ, ನಾಳೆ ಶಮಾಲ್?" ನಾನು ಯಾಕೆ ಏನು ಎಂದು ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು.

ದಡದಲ್ಲಿ ಪೆಟ್ಟಿಗೆ ತೆರೆದು ತೋರಿಸಿದರು. ಸುಳ್ಳು ಮೀನುಗಳೆಲ್ಲ ಇದ್ದವು, ಒಂದಕ್ಕೂ ಕೊಕ್ಕೆ ಇರಲಿಲ್ಲ. ಇಕ್ಕಳ ಹಿಡಿದು ಕೂತು ಪ್ರತಿಯೊಂದನ್ನೂ ಕಿತ್ತು ಹಾಕಿದ್ದರು.

"ಕೊಕ್ಕೆ ಇಲ್ಲದೆ ಮೀನು ಸಿಗ್ತದಾ ಸಾರ್?"

"ಸಿಗೋದು ಯಾರಿಗ್ ಬೇಕಿತ್ತು ಕಣ್ರೀ? ಯೋಚ್ನೆ ಮಾಡ್ದೆ. ಆ ಕೆರೆಯಲ್ಲೂ ನಾನು ಕಾಯ್ತಾ ಇದ್ದದ್ದು ಅದು ಬಂದು ಹೊಡೆಯುತ್ತಲ್ಲ, ಆ ಒಂದ್ ಏಟಿಗೆ. ಮಿಕ್ಕಿದ್ದೆಲ್ಲಾ ಫೋಟೋಗೆ."

ಬೀಸಿದರು. ಸುತ್ತಿದರು. ತುಸು ಹೊತ್ತಿಗೆ ರಾಡು ಬಾಗಿ ನಡುಗಿತು, ಒಂದು ಬರಕುಡ ಮರದ ತುಂಡನ್ನು ಕಚ್ಚಿ ಒಂದೆರಡು ಸಲ ಜಗ್ಗಿ, ಮೋಸ ತಿಳಿದು ಉಗುಳಿ ಹೋಯಿತು. ಸಾರ್ ಗಹಗಹಿಸಿ ನಕ್ಕರು. ಅಷ್ಟು ದಿನದ ನಗು ಒಟ್ಟಿಗೇ ಬಂದಂತಿತ್ತು. ಮಲಯಾಳಿಗಳು ಬಂದು ನೋಡಿ, "ಅಯ್ಯೋ ಸಾರೇ, ಹುಕ್ ಎವಿಡೆ?" ಎಂದು ಕೊಕ್ಕೆ ಎಲ್ಲಿ ಹೋಯಿತೆಂದು ಹುಡುಕಿದರು. "ಖಲಾಸ್!" ಎಂದು ಇವರು ಕೈ ಕೊಡವಿದರು. ಸಾರ್ ತಲೆಗೆ ಬಿಸಿಲೇರಿದೆ ಎಂಬಂತೆ ಮಲಯಾಳಿಗಳು ನನ್ನತ್ತ ನೋಡಿದರು. ನನಗೆ ಹೆಮ್ಮೆಯಾಯಿತು. ಸಾರ್ ಕೊನೆಯಲ್ಲಿ ಎಂಟು ಬರೆಯುವುದನ್ನೂ ಮರೆಯಲಿಲ್ಲ.

ಮನೆಗೆ ಬಂದು ಉಮ್ಮನ ಮುಂದೆ ಕೊಕ್ಕೆಯಿಲ್ಲದ ಒಂದು ಸುಳ್ಳು ಮೀನನ್ನಿಟ್ಟು ಪರೀಕ್ಷೆ ಬರೆದ ಹುಡುಗನಂತೆ ಕೂತರು. ಉಮ್ಮ ಅದನ್ನು ತಿರುಗಿಸಿ ಮುರುಗಿಸಿ, ಹೊಟ್ಟೆಯ ಕೆಳಗೆ ಬೆರಳಾಡಿಸಿ ನೋಡಿದಳು. ಹೊಗಳುತ್ತಾಳೆಂದುಕೊಂಡೆ. ಉಂಟಾ?

"ನೋವು ಇಲ್ಲ, ಸರಿ. ಆದರೆ ಹಸಿದು ಬಂದದ್ದಕ್ಕೆ ಮರದ ತುಂಡು ಕೊಡುವುದು ಮೋಸ ಅಲ್ವಾ ಸಾರ್?"

ನಾನು ತಲೆ ಚಚ್ಚಿಕೊಂಡೆ. ಸಾರ್ ಈ ಸಲ ಬಾಡಲಿಲ್ಲ, ನಕ್ಕರು. "ಮೋಸಾನೇ ಅಮ್ಮಾ. ಎಷ್ಟು ದೊಡ್ಡ ಮೋಸ ಅಂತ ನೀವೇ ಬಂದು ನೋಡಿ ಹೇಳ್ಬಿಡಿ. ನೀವು ಬೇಡ ಅಂದ್ರೆ ರಾಡು ಇಲ್ಲೇ ಬಿಟ್ಟು ಹೋಗ್ತೀನಿ, ಊರಿಗೂ ತಗೊಂಡು ಹೋಗಲ್ಲ." ತಮಾಷೆಗೆ ಹೇಳಿದರೆಂದು ಮೊದಲು ಅಂದುಕೊಂಡೆ, ಮುಖ ನೋಡಿದರೆ ತಮಾಷೆಯಲ್ಲ. ಮೈಸೂರಿನ ಸುತ್ತಮುತ್ತಲಿನ ಕೆರೆಗಳ ಪಟ್ಟಿಯನ್ನು ಅವರು ಆಗಲೇ ಬಾಯಿಪಾಠ ಮಾಡಿಕೊಂಡಿದ್ದರೆಂದು ನನಗೆ ಗೊತ್ತಿತ್ತು. ಅವೆಲ್ಲ ಈಗ ಉಮ್ಮನ ಒಂದು ಮಾತಿನ ಮೇಲೆ ನಿಂತಿದ್ದವು.

ಉಮ್ಮ ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಶಮಾಲ್ ನೋಡಿರಲಿಲ್ಲ. ಅಲೆ ಇಲ್ಲದ್ದನ್ನು ಸಮುದ್ರವೆಂದು ಒಪ್ಪಲು ಅವಳು ತಯಾರಿರಲಿಲ್ಲ. ಸಾರ್ ಹೊರಡುವ ವಾರದ ಶುಕ್ರವಾರ ಮಾತ್ರ ಬುರ್ಖಾ ತೊಟ್ಟು, ನೀರುದೋಸೆ ಕಟ್ಟಿಕೊಂಡು, ಕಾರಿನ ಮುಂದಿನ ಸೀಟಿನಲ್ಲಿ ಬಂದು ಕೂತಳು. ಸಾರ್ ಹಿಂದೆ ಕೂತು ದಾರಿಯುದ್ದಕ್ಕೂ ರಾಡು ಒರೆಸುತ್ತಿದ್ದರು.

ದಡದ ಅಂಚಿನಲ್ಲಿ ಅವಳಿಗೆ ಮಡಚುವ ಕುರ್ಚಿ ಹಾಕಿದೆ. ಗಾಳಿ ತಂಪಾಗಿತ್ತು, ನೀರು ಕನ್ನಡಿಯ ಹಾಗೆ ಬಿದ್ದುಕೊಂಡಿತ್ತು. ಸಾರ್ ದೂರಕ್ಕೆ ಬೀಸಿ, ರಾಡನ್ನು ತಂದು ಅವಳ ಕೈಗೆ ಕೊಟ್ಟರು. "ಮೆಲ್ಲಗೆ ಸುತ್ತಿ ಅಮ್ಮಾ. ಅವಸರ ಇಲ್ಲ." ಉಮ್ಮ ಸಂಶಯದಿಂದಲೇ ಸುತ್ತಿದಳು. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಅರ್ಧ ದಾರಿಯಲ್ಲಿ ರಾಡು ಜಗ್ಗಿತು. ಬಾಪನ ಜೊತೆ ಹೊಳೆಯಲ್ಲಿ ಬಲೆ ಎಳೆದ ಕೈಗಳು ಅವು, ಕೇಳಬೇಕೇ! "ಬಂತು! ಬಂತು!" ಎಂದು ಕುರ್ಚಿಯಿಂದ ಎದ್ದು, ಎರಡು ಹೆಜ್ಜೆ ನೀರಿಗೇ ಇಳಿದು, ಬಲವಾಗಿ ಎಳೆದಳು. ಸೀರೆಯ ಅಂಚು, ಬುರ್ಖಾದ ಅಂಚು ಎಲ್ಲ ಒದ್ದೆ. ಒಂದು ಗಳಿಗೆ ಆ ಮೀನೂ ಅವಳೂ ಸಮಸಮ ಜಗ್ಗಿದರು. ಅಷ್ಟರಲ್ಲಿ ದಾರ ಸಡಿಲಾಯಿತು. ದೂರದಲ್ಲಿ ನೀರು ಒಮ್ಮೆ ಸುಳಿದು ಸುಮ್ಮನಾಯಿತು.

ಉಮ್ಮ ಆ ಸುಳಿಯನ್ನೇ ನೋಡುತ್ತ ನಿಂತಳು. ಅವಳಿಗೆ ಏದುಸಿರು. ಸಾರ್ ಅವಳ ಬಾಯನ್ನೇ ನೋಡುತ್ತಿದ್ದರು, ಕೈಯಲ್ಲಿದ್ದ ಟೋಪಿಯನ್ನು ಹಿಂಡಿ ಮುದ್ದೆ ಮಾಡಿದ್ದರು.

ಉಮ್ಮ ತಿರುಗಿ ರಾಡನ್ನು ಅವರತ್ತ ಚಾಚಿದಳು.

"ಇನ್ನೊಮ್ಮೆ ಬಿಸಾಡಿ ಕೊಡಿ ಸಾರ್" ಅಂದಳು.